ಇಂದಿನ ಧಮ್ಮ ಚಿಂತನೆ: ಕಚ್ಚುವ ನಾಯಿಗೂ ಮೈತ್ರಿ, ಕಚ್ಚಿಸಿಕೊಂಡವರಿಗೂ ಮೈತ್ರಿ





ಇವತ್ತಿನ ಚಿಂತನೆ ದಿನಕ್ಕಿಂತ ಉದ್ದ ಇದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಅವಸರದಲ್ಲಿದ್ದರೆ ಇಟ್ಟುಕೊಂಡಿರಿ. ಸಂಜೆ ತ್ರಿಸರಣ, ಪಂಚಶೀಲ ಮುಗಿದ ಮೇಲೆ ಮನೆಯವರೆಲ್ಲ ಕೂತಾಗ ಒಬ್ಬರು ಜೋರಾಗಿ ಓದಿ, ಉಳಿದವರು ಕೇಳಿ.

ಐದು ಭಾನುವಾರದ ಹಿಂದೆ ನಮ್ಮ ಉತ್ತರಹಳ್ಳಿ ಕೂಟದಲ್ಲಿ ಒಬ್ಬ ಸಹೋದರಿ ಒಂದು ಪ್ರಶ್ನೆ ಇಟ್ಟರು. ಹೆಸರು ಬೇಡ, ವಿಷಯ ಬರೆಯಿರಿ ಎಂದು ಅವರೇ ಒಪ್ಪಿಗೆ ಕೊಟ್ಟಿದ್ದಾರೆ.

ಎರಡು ವರ್ಷದ ಹಿಂದೆ, ಮಳೆಗಾಲದ ಒಂದು ರಾತ್ರಿ, ಸುಬ್ರಹ್ಮಣ್ಯಪುರದ ರಸ್ತೆ ಬದಿಯಲ್ಲಿ ಅವರ ಮಗಳಿಗೆ ಒಂದು ನಾಯಿಮರಿ ಸಿಕ್ಕಿತು. ಐದಾರು ತಿಂಗಳಿನದ್ದು. ಕತ್ತಿಗೆ ಯಾರೋ ಕಟ್ಟಿದ್ದ ಪ್ಲಾಸ್ಟಿಕ್ ಹಗ್ಗ ಚರ್ಮದೊಳಗೆ ಇಳಿದುಹೋಗಿತ್ತು. ಹಗ್ಗ ಕತ್ತರಿಸಿ ತೆಗೆಸಿದರು, ಗಾಯ ಮಾಗಿಸಿದರು, ರೇಬೀಸ್ ಲಸಿಕೆ ಹಾಕಿಸಿದರು, ಸಂತಾನಹರಣ ಚಿಕಿತ್ಸೆ ಮಾಡಿಸಿದರು. ಮಿಂಚು ಅಂತ ಹೆಸರಿಟ್ಟರು. ಮನುಷ್ಯರ ಹತ್ತಿರ ಬೆಣ್ಣೆ ಥರ. ಹಾಲಿನವರು, ಪೇಪರ್ ಹುಡುಗ, ಶಾಲೆ ಮಕ್ಕಳು, ಎಲ್ಲರ ಹತ್ತಿರ ಬಾಲ ಆಡಿಸುತ್ತದೆ. ಆದರೆ ಇನ್ನೊಂದು ನಾಯಿ ಕಣ್ಣಿಗೆ ಬಿದ್ದರೆ ಸಾಕು, ಬೇರೆಯೇ ಪ್ರಾಣಿ. ಮೈ ಸೆಟೆದು, ಕೂದಲು ನಿಮಿರಿ, ಚೈನು ಕಿತ್ತುಕೊಂಡು ನುಗ್ಗುತ್ತದೆ.

ಒಂದು ದಿನ ಹಾಗೆಯೇ ಬೆಲ್ಟಿನಿಂದ ಕತ್ತು ಜಾರಿಸಿಕೊಂಡು ಓಡಿ, ಎದುರು ಮನೆಯ ಮುದಿ ನಾಯಿಯ ಕಿವಿ ಹರಿಯಿತು. ಪಶುವೈದ್ಯರು ಹೊಲಿಗೆ ಹಾಕಬೇಕಾಯಿತು. ಎದುರು ಮನೆಯ ಯಜಮಾನರು ಸಿಟ್ಟಿನಲ್ಲಿ ಬೀದಿಯಲ್ಲಿ ನಿಂತು, "ನಿಮ್ಮಂಥವರು ಸಾಕಿದ ನಾಯಿ ಇನ್ನು ಹೇಗಿರುತ್ತೆ" ಅಂದರು. ಸಂಜೆ ಮನೆ ಮಾಲೀಕರು ಬಂದು, ತಿಂಗಳ ಕೊನೆಗೆ ನಾಯಿಯಾದರೂ ಹೋಗಬೇಕು, ನೀವಾದರೂ ಖಾಲಿ ಮಾಡಬೇಕು ಎಂದರು.

ಆ ಮನೆ ಆ ಸಹೋದರಿಗೆ ಸುಲಭಕ್ಕೆ ಸಿಕ್ಕಿದ್ದಲ್ಲ. ನಾಲ್ಕು ಕಡೆ ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಗಿ, ಕೊನೆಗೆ "ನೀವು ಯಾವ ಪೈಕಿ?" ಎಂಬ ಪ್ರಶ್ನೆಗೆ ಬಂದು ನಿಂತಿತ್ತು. ಐದನೆಯದು ಈ ಮನೆ.

"ಈಗ ನಾನು ಏನು ಮಾಡಲಿ ಅಣ್ಣ? ಧಮ್ಮ ಏನು ಹೇಳುತ್ತೆ?" ಇದು ಅವರ ಪ್ರಶ್ನೆ.

*ಮೊದಲು ಎದ್ದ ಆಕ್ಷೇಪ*

ಕೂಟದ ಒಬ್ಬ ಯುವಕ ಎದ್ದು ನಿಂತ. "ನಮ್ಮ ಜನ ಇನ್ನೂ ಮ್ಯಾನ್‌ಹೋಲ್‌ನಲ್ಲಿ ಸಾಯ್ತಿದ್ದಾರೆ. ನಾವಿಲ್ಲಿ ನಾಯಿ ಬಗ್ಗೆ ಚರ್ಚೆ ಮಾಡೋದಾ?" ಎಂದ. ಯಾರೂ ಅವನನ್ನು ಸುಮ್ಮನಿರಿಸಲಿಲ್ಲ. ಆ ಮಾತಿನಲ್ಲಿ ತೂಕ ಇದೆ.

ಆದರೆ ಯೋಚಿಸಿ. ಬೆಳಗಿನ ಜಾವ ಎಲ್ಲರೂ ಮಲಗಿರುವಾಗ ಬೀದಿಗಿಳಿಯುವವರು ಯಾರು? ಪೊರಕೆ ಹಿಡಿದ ಪೌರಕಾರ್ಮಿಕರು, ಕಸದ ಆಟೋದವರು. ಅವರಲ್ಲಿ ಹೆಚ್ಚಿನವರು ಯಾರ ಮನೆಯವರು? ನಮ್ಮವರೇ. ಕಚ್ಚುವ ನಾಯಿಯ ಮೊದಲ ಅಪಾಯ ಕಾರಿನಲ್ಲಿ ಹೋಗುವವರಿಗಲ್ಲ, ಕಾಲ್ನಡಿಗೆಯವರಿಗೆ. 2023ರಲ್ಲಿ ಪಾಲಿಕೆ ನಡೆಸಿದ ಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಇದು ಹವ್ಯಾಸಕ್ಕೆ ನಾಯಿ ಸಾಕುವವರ ವಿಷಯ ಮಾತ್ರ ಅಲ್ಲ.

ಇನ್ನೊಂದು ಕಾರಣವೂ ಇದೆ. ನಾಯಿಗೂ ನಮಗೂ ಹಳೆಯ ನಂಟೊಂದನ್ನು ಬೇರೆಯವರು ಕಟ್ಟಿದ್ದಾರೆ. ಊರ ಹೊರಗೆ ಇರಬೇಕಾದವರ ಆಸ್ತಿ ನಾಯಿ ಮತ್ತು ಕತ್ತೆ ಎಂದು ಬರೆದದ್ದು ಮನುಸ್ಮೃತಿಯ ಹತ್ತನೇ ಅಧ್ಯಾಯ. ಮನುಷ್ಯರನ್ನು 'ಶ್ವಪಚ', ಅಂದರೆ ನಾಯಿ ಬೇಯಿಸುವವರು, ಎಂದು ಕರೆದದ್ದೂ ಅದೇ. ಆ ಪುಸ್ತಕವನ್ನು ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಸುಡಿಸಿದರು. ಅದೇ ಊರಿನ ಚವದಾರ್ ಕೆರೆಗೆ ನಾಯಿ, ದನ ಇಳಿದು ನೀರು ಕುಡಿಯಬಹುದಿತ್ತು, ನಮ್ಮವರು ಮುಟ್ಟುವಂತಿರಲಿಲ್ಲ. 1931ರಲ್ಲಿ ಗಾಂಧಿಯವರನ್ನು ಮುಖಾಮುಖಿ ಭೇಟಿಯಾದಾಗಲೂ ಬಾಬಾಸಾಹೇಬರು, ನಾಯಿ ಬೆಕ್ಕಿಗಿಂತ ಕೀಳಾಗಿ ಕಾಣುವ ಧರ್ಮವನ್ನು ನನ್ನದೆಂದು ಹೇಗೆ ಹೇಳಲಿ ಎಂಬ ಅರ್ಥದ ಮಾತು ಆಡಿದ್ದರು.

ಇಷ್ಟೆಲ್ಲ ಅವಮಾನ ನಾಯಿಯ ಹೆಸರಿನಲ್ಲಿ ನಡೆದಿದ್ದರೂ ಬಾಬಾಸಾಹೇಬರು ಆ ಸಿಟ್ಟನ್ನು ನಾಯಿಯ ಮೇಲೆ ತೀರಿಸಿಕೊಳ್ಳಲಿಲ್ಲ. 1934ರಲ್ಲಿ ದಾದರ್‌ನ ರಾಜಗೃಹದಲ್ಲಿ ತೆಗೆದ ಅವರ ಕುಟುಂಬದ ಚಿತ್ರ ನೀವೆಲ್ಲ ನೋಡಿದ್ದೀರಿ. ತಾಯಿ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದರಾವ್, ಜೊತೆಗೆ ಒಂದು ನಾಯಿ. ಅದರ ಹೆಸರು ಟಾಬಿ. ಬಾಬಾಸಾಹೇಬರ ಅಚ್ಚುಮೆಚ್ಚಿನ ನಾಯಿ. ಅವಮಾನ ಮಾಡಿದ್ದು ಮನುಷ್ಯ. ನಾಯಿಗೆ ಅದರಲ್ಲಿ ಪಾಲಿಲ್ಲ. ಅಷ್ಟು ಸ್ಪಷ್ಟವಾಗಿ ಬೇರ್ಪಡಿಸಿ ನೋಡುವುದೇ ಪ್ರಜ್ಞೆ.

*ಮಾತು ಬೇರೆ, ಗಾಯ ಬೇರೆ*

ನಮ್ಮ ಭಾಷೆಯನ್ನೇ ನೋಡಿ. ದುಡ್ಡು ಕೊಟ್ಟು ತಂದದ್ದು 'ಜಾತಿ ನಾಯಿ', ಬೀದಿಯಲ್ಲಿ ಸಿಕ್ಕಿದ್ದು 'ಕಂತ್ರಿ ನಾಯಿ'. ಮನುಷ್ಯರಿಗೆ ಸಾಲದು ಎಂದು ನಾಯಿಗೂ ಜಾತಿ ಹಂಚಿದ್ದೇವೆ. ಎದುರು ಮನೆಯದು ಜಾತಿ ನಾಯಿ, ಮಿಂಚು ಕಂತ್ರಿ. ಹಾಗಾಗಿ ಬೀದಿಯಲ್ಲಿ ಆ ಮಾತು ಬಿದ್ದಾಗ ಆ ಸಹೋದರಿಗೂ ಅವರ ಮನೆಯವರಿಗೂ ಅದು ನಾಯಿಯ ವಿಷಯವಾಗಿ ಉಳಿಯಲಿಲ್ಲ. ಸ್ವಾಭಿಮಾನದ ವಿಷಯವಾಯಿತು. ಒಂದು ವಾರ ಅವರು ಎದುರು ಮನೆಯ ಕಡೆ ತಲೆ ಎತ್ತಿಯೂ ನೋಡಲಿಲ್ಲ. ಹೊಲಿಗೆ ಹಾಕಿದ ನಾಯಿ ಹೇಗಿದೆ ಎಂದು ಕೇಳಲಿಲ್ಲ.

ಆ ಸಹೋದರಿ ಇದನ್ನು ಹೇಳುವಾಗ ಅವರೇ ತಡೆದರು. "ಅಣ್ಣ, ಅವರು ಆಡಿದ ಮಾತು ತಪ್ಪು. ಆದರೆ ನಮ್ಮ ನಾಯಿ ಕಚ್ಚಿದ್ದು ನಿಜ ಅಲ್ವಾ?" ಎಂದರು. ಬಂಧುಗಳೇ, ಇಡೀ ಚರ್ಚೆಯಲ್ಲಿ ಅತ್ಯಂತ ದೊಡ್ಡ ಮಾತು ಇದೇ. ನಾನು ಹೇಳಿದ್ದಲ್ಲ, ಅವರು ಹೇಳಿದ್ದು.

ಅವಮಾನಕ್ಕೆ ಒಂದು ಉತ್ತರ ಇದೆ, ಗಾಯಕ್ಕೆ ಇನ್ನೊಂದು ಉತ್ತರ ಇದೆ. ಒಂದನ್ನು ತೋರಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳಬಾರದು. ಅವರು ಜಾತಿ ಮಾತಾಡಿದರು ಎಂದು ನಮ್ಮ ಹೊಣೆ ಕಳೆಯುವುದಿಲ್ಲ. ನಮ್ಮ ನಾಯಿ ಕಚ್ಚಿತು ಎಂದು ಅವರ ಮಾತು ಸರಿಯಾಗುವುದಿಲ್ಲ. ಎರಡನ್ನೂ ಪ್ರತ್ಯೇಕವಾಗಿ ಕೈಗೆತ್ತಿಕೊಳ್ಳಬೇಕು.

*ದುಃಖ ಯಾರದು? ಕಾರಣ ಏನು?*

ತಥಾಗತರು ಕಲಿಸಿದ ಕ್ರಮ ವೈದ್ಯರ ಕ್ರಮ. ನೋವು ಏನು, ಕಾರಣ ಏನು, ವಾಸಿಯಾಗುವುದು ಎಂದರೆ ಏನು, ಅದಕ್ಕೆ ದಾರಿ ಯಾವುದು.

ನೋವು ಯಾರದು ಎಂದು ಬರೆಯುತ್ತಾ ಹೋದೆವು. ಕಿವಿ ಹರಿಸಿಕೊಂಡ ಮುದಿ ನಾಯಿಯದು. ಅದನ್ನು ಹತ್ತಾರು ವರ್ಷ ಸಾಕಿದವರದು. ಮನೆ ಕಳೆದುಕೊಳ್ಳುವ ಭಯದ ಕುಟುಂಬದ್ದು. ರಾತ್ರಿ ಅಳುವ ಮಗಳದು. ಬೀದಿಯ ನಾಯಿಗಳದು. ಕೊನೆಗೆ ಮಿಂಚುವಿನದು. ಪ್ರತಿ ಬೆಳಿಗ್ಗೆ ಗೇಟಿನಾಚೆ ಹೋಗುವಾಗ ಶತ್ರುವನ್ನೇ ಕಾಯುತ್ತಾ ಬದುಕುವುದು ಆ ಜೀವಕ್ಕೂ ಸುಖವಲ್ಲ.

ಕಾರಣ ಏನು? ಒಬ್ಬರು, "ಅದರ ಹಿಂದಿನ ಜನ್ಮದ ಕರ್ಮ" ಎಂದು ನೆಂಟರು ಹೇಳಿದ್ದನ್ನು ತಂದರು. ಬಂಧುಗಳೇ, ಆ ಮಾತನ್ನು ಕೇಳಿ ಕೇಳಿ ನಮ್ಮ ತಾತ ಮುತ್ತಾತಂದಿರು ಬೆನ್ನು ಬಗ್ಗಿಸಿದರು. ಅದೇ ಮಾತನ್ನು ಈಗ ನಾಯಿಗೆ ಹೇಳುವುದು ಬೇಡ. ಬುದ್ಧರು ಕಲಿಸಿದ್ದು ಪ್ರತೀತ್ಯ ಸಮುತ್ಪಾದ. ಇದು ಇದ್ದರೆ ಅದು ಆಗುತ್ತದೆ, ಇದು ನಿಂತರೆ ಅದು ನಿಲ್ಲುತ್ತದೆ. ಕಾರಣ ಕಣ್ಣೆದುರಿಗೇ ಇರುತ್ತದೆ, ಹುಡುಕಬೇಕು.

ಹುಡುಕಿದರೆ ಸಿಕ್ಕಿದ್ದು ಇಷ್ಟು. ನಾಯಿಮರಿಗೆ ಸುಮಾರು ಮೂರರಿಂದ ಹದಿನಾಲ್ಕು ವಾರದೊಳಗೆ ಬೇರೆ ನಾಯಿಗಳ ಜೊತೆ ಆಡಿ, ಕಚ್ಚುವ ಹಿಡಿತ, ಸೋಲುವುದು, ಬಿಡುವುದು ಎಲ್ಲ ಕಲಿಯುವ ಕಾಲ. ಆ ವಾರಗಳಲ್ಲಿ ಮಿಂಚು ಎಲ್ಲೋ ಹಗ್ಗದಲ್ಲಿ ಒಂಟಿಯಾಗಿ ಕಟ್ಟಿಹಾಕಿಸಿಕೊಂಡಿದ್ದಿರಬೇಕು. ಕಟ್ಟಿದ ಪ್ರಾಣಿಗೆ ಓಡಿಹೋಗಲು ಆಗುವುದಿಲ್ಲ. ಹೆದರಿಕೆಯಾದಾಗ ಉಳಿಯುವ ದಾರಿ ಒಂದೇ, ಮೇಲೆ ಬೀಳುವುದು. ಇಂದಿಗೂ ಚೈನು ಬಿಗಿಯಾದ ಕ್ಷಣ ಅದಕ್ಕೆ ಆ ಹಗ್ಗವೇ ನೆನಪಾಗಬಹುದು. ಜೊತೆಗೆ ಇಡೀ ದಿನ ಗೇಟಿನ ಸಂದಿಯಿಂದ ಬೀದಿನಾಯಿಗಳಿಗೆ ಬೊಗಳುತ್ತಾ ಕಳೆಯುತ್ತಿತ್ತು. ದಿನವೂ ಮಾಡಿದ್ದೇ ಅಭ್ಯಾಸವಾಗುತ್ತದೆ. ಪಶುವೈದ್ಯರಿಗೆ ತೋರಿಸಿದಾಗ ಇನ್ನೊಂದು ಗೊತ್ತಾಯಿತು, ಹಿಂಗಾಲಿನ ಕೀಲಿನಲ್ಲಿ ನೋವಿದೆ. ನೋವಿರುವ ನಾಯಿ ಬೇರೆ ನಾಯಿ ಹತ್ತಿರ ಬರುವುದನ್ನೇ ಸಹಿಸುವುದಿಲ್ಲ. ಎರಡು ವರ್ಷದಿಂದ ಮನೆಯವರು 'ಕೊಬ್ಬು' ಎಂದುಕೊಂಡದ್ದರಲ್ಲಿ ಅರ್ಧ ಭಯ, ಇನ್ನರ್ಧ ನೋವು.

ನಾಳಾಗಿರಿ ಆನೆಯ ಕಥೆ ನೆನಪಿಸಿಕೊಳ್ಳಿ. ರಾಜಗೃಹದ ಬೀದಿಯಲ್ಲಿ ಅದು ಬುದ್ಧರ ಮೇಲೆ ನುಗ್ಗಿತು. ಆದರೆ ಅದನ್ನು ಬಿಟ್ಟದ್ದು ಯಾರು? ದೇವದತ್ತ ಮಾವುತರನ್ನು ಒಲಿಸಿಕೊಂಡು ಬಿಡಿಸಿದ. ಪ್ರಾಣಿಯ ಕ್ರೌರ್ಯದ ಹಿಂದೆ ಹುಡುಕಿದರೆ ಬಹಳ ಸಲ ಮನುಷ್ಯನ ಕೈ ಸಿಗುತ್ತದೆ. ಹಾಗೆಂದು ನಾವು ಬುದ್ಧರಂತೆ ಎದುರು ಹೋಗಿ ನಿಲ್ಲುವುದು ಬೇಡ! ಕಚ್ಚಾಡುವ ನಾಯಿಗಳ ನಡುವೆ ಕೈ ಹಾಕಿದವರ ಬೆರಳೇ ಮೊದಲು ಹೋಗುತ್ತದೆ. ಬಕೆಟ್ ನೀರು ಎರಚಿ, ದೊಡ್ಡ ಸದ್ದು ಮಾಡಿ, ನಡುವೆ ಒಂದು ಹಲಗೆ ತೂರಿಸಿ. ಯಾರಿಗಾದರೂ ಕಚ್ಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿ. ಅರಿಶಿನ, ಸುಣ್ಣ, ಮಂತ್ರ ಯಾವುದೂ ಬೇಡ.

*ತಪ್ಪು ಮಾಡಿದವರು ಯಾರು, ಶಿಕ್ಷೆ ಯಾರಿಗೆ?*

ಕುಕ್ಕುರ ಜಾತಕ ಎಂಬ ಒಂದು ಕಥೆ ಇದೆ. ಜಾತಕಗಳನ್ನು ನಾವು ಪುನರ್ಜನ್ಮದ ದಾಖಲೆ ಎಂದು ಓದುವುದಿಲ್ಲ, ನೀತಿಯ ಕಥೆ ಎಂದು ಓದುತ್ತೇವೆ.

ವಾರಣಾಸಿಯ ರಾಜನ ರಥವನ್ನು ಅಂಗಳದಲ್ಲೇ ಬಿಟ್ಟಿದ್ದರು. ರಾತ್ರಿ ಮಳೆ ಬಂದು ಚರ್ಮದ ಪಟ್ಟಿಗಳು ನೆನೆದವು. ಬೆಳಗಾಗುವಷ್ಟರಲ್ಲಿ ನಾಯಿಗಳು ಕಚ್ಚಿ ತಿಂದಿದ್ದವು. ಹೊರಗಿನ ನಾಯಿಗಳು ಚರಂಡಿಯಿಂದ ನುಗ್ಗಿವೆ ಎಂದು ಆಳುಗಳು ವರದಿ ಕೊಟ್ಟರು. ಕಂಡಕಂಡ ನಾಯಿಗಳನ್ನೆಲ್ಲ ಕೊಲ್ಲಿ ಎಂದು ರಾಜ ಆಜ್ಞೆ ಮಾಡಿದ. ಸ್ಮಶಾನದಲ್ಲಿ ಬದುಕುತ್ತಿದ್ದ ನಾಯಿಗಳ ನಾಯಕ ಅರಮನೆಗೆ ಹೋಗಿ ರಾಜನ ಎದುರು ನಿಂತು ಕೇಳಿತು, ಎಲ್ಲ ನಾಯಿಗಳನ್ನೂ ಕೊಲ್ಲುತ್ತಿದ್ದೀರೋ, ನಿಮ್ಮ ಅರಮನೆಯ ಜಾತಿ ನಾಯಿಗಳನ್ನು ಬಿಟ್ಟು ಉಳಿದವನ್ನೋ? ಆಮೇಲೆ ಅರಮನೆ ನಾಯಿಗಳಿಗೆ ಮಜ್ಜಿಗೆಯಲ್ಲಿ ಹುಲ್ಲು ಕಲಸಿ ಕುಡಿಸಲು ಹೇಳಿತು. ಅವು ಚರ್ಮದ ಚೂರುಗಳನ್ನು ಕಕ್ಕಿದವು.

ಊರ ಹೊರಗಿನವರ ಮೇಲೆ ಆಪಾದನೆ, ಅರಮನೆಯೊಳಗಿನವರಿಗೆ ರಕ್ಷಣೆ. ಈ ಕಥೆಯನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

2007ರ ಆರಂಭದಲ್ಲಿ ನಮ್ಮ ಬೆಂಗಳೂರಿನಲ್ಲಿ ಬೀದಿನಾಯಿಗಳ ದಾಳಿಗೆ ಇಬ್ಬರು ಮಕ್ಕಳು ಪ್ರಾಣ ಕಳೆದುಕೊಂಡರು. ಆ ತಾಯಂದಿರ ನೋವಿಗೆ ಸಮಾಧಾನವಿಲ್ಲ. ಆದರೆ ನಂತರ ಸಿಟ್ಟಿನಲ್ಲಿ, ಕಚ್ಚಿದವೋ ಇಲ್ಲವೋ ನೋಡದೆ, ಬೀದಿಬೀದಿಯಲ್ಲಿ ನಾಯಿಗಳನ್ನು ಹಿಡಿದರು, ಕೊಂದರು. ನಾಯಿಗಳಿಗೆ ಆಹಾರವಾಗುವಂತೆ ರಸ್ತೆಯಲ್ಲಿ ಮಾಂಸದ ಕಸ ಸುರಿದವರ ಬಾಗಿಲು ಯಾರೂ ತಟ್ಟಲಿಲ್ಲ. ಸ್ಮಶಾನದ ನಾಯಿ ರಾಜನಿಗೆ ಕಲಿಸಿದ್ದು ಇಷ್ಟೇ. ಮೊದಲು ವಿಚಾರಣೆ, ಆಮೇಲೆ ತೀರ್ಪು.

ಆದರೆ ಮಿಂಚುವಿನ ವಿಷಯದಲ್ಲಿ ವಿಚಾರಣೆಯೂ ಮುಗಿದಿದೆ. ಕಚ್ಚಿದ್ದು ಅದೇ. ಹಾಗಾದರೆ ಮುಂದೇನು?

*ಸುಲಭದ ದಾರಿಗಳು*

ಸಲಹೆಗಳಿಗೆ ಬರವಿರಲಿಲ್ಲ. ರಾತ್ರಿ ಹೊತ್ತು ತುರಹಳ್ಳಿ ಕಾಡಿನ ಹತ್ತಿರ ಬಿಟ್ಟು ಬನ್ನಿ ಎಂದರು ಒಬ್ಬರು. ದಿನವಿಡೀ ಮೋಟು ಚೈನಿನಲ್ಲಿ ಕಟ್ಟಿಹಾಕಿ ಎಂದರು ಇನ್ನೊಬ್ಬರು. ಕಚ್ಚುವ ವಿಷಯ ಹೇಳದೆ ಯಾರಿಗಾದರೂ ದಾಟಿಸಿಬಿಡಿ ಎಂದರು ಮತ್ತೊಬ್ಬರು.

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಮೂವತ್ತು ವರ್ಷದ ಹಿಂದೆ, ಊರಿನಲ್ಲಿ, ಕೋಳಿ ಹಿಡಿಯುತ್ತಿದ್ದ ನಮ್ಮ ನಾಯಿಯನ್ನು ನಾನೇ ಗೋಣಿಚೀಲದಲ್ಲಿ ಹಾಕಿ ಸೈಕಲ್ಲಿಗೆ ಕಟ್ಟಿ ನಾಲ್ಕು ಊರಾಚೆ ಬಿಟ್ಟು ಬಂದೆ. ಚೀಲದ ಬಾಯಿ ಬಿಚ್ಚಿದಾಗ ಅದು ಓಡಿಹೋಗಲಿಲ್ಲ. ಬಾಲ ಆಡಿಸಿತು. ನಾನು ಪೆಡಲ್ ತುಳಿದೆ, ಅದು ಬಹಳ ದೂರ ಹಿಂದೆ ಓಡಿ ಬಂತು. ಆಮೇಲೆ ಹಿಂತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಆವತ್ತು ನಾನು ಕೊಲ್ಲಲಿಲ್ಲ, ಆದ್ದರಿಂದ ತಪ್ಪಿಲ್ಲ ಎಂದುಕೊಂಡಿದ್ದೆ. ಇವತ್ತು ಹಾಗೆ ಅನ್ನಿಸುವುದಿಲ್ಲ. ಕಣ್ಣಿಗೆ ಕಾಣದಂತೆ ಸಾಯಲು ಬಿಡುವುದಕ್ಕೆ ನಾನು ಇಟ್ಟ ಒಳ್ಳೆಯ ಹೆಸರು ಅದು.

ಕಾನೂನೂ ಇದನ್ನು ತಪ್ಪು ಎನ್ನುತ್ತದೆ. ಹಸಿವು, ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತ್ಯಜಿಸುವುದು, ಅತಿ ಮೋಟಾದ ಅಥವಾ ಅತಿ ಭಾರದ ಚೈನಿನಲ್ಲಿ ಬಹಳ ಹೊತ್ತು ಕಟ್ಟಿಡುವುದು, ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೇ ಕಲಮಿನಲ್ಲಿವೆ. ಸಾಕುಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿದೆ. ಬೀದಿನಾಯಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಕೊಟ್ಟ ಆದೇಶವೂ, ಚಿಕಿತ್ಸೆ ಲಸಿಕೆ ಆದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಿ, ರೇಬೀಸ್ ಇರುವ ಮತ್ತು ಆಕ್ರಮಣ ಸ್ವಭಾವದ ನಾಯಿಗಳನ್ನು ಬಿಡಬೇಡಿ ಎಂದಿತು. ಹೀಗಿರುವಾಗ ಕಚ್ಚುತ್ತದೆ ಎಂದು ಗೊತ್ತಿರುವ ನಾಯಿಯನ್ನು ನಾವೇ ಬೀದಿಗೆ ಬಿಡುವುದು ಯಾವ ನ್ಯಾಯ? ನಮ್ಮ ಮನೆಯ ಸಮಸ್ಯೆ ಪೌರಕಾರ್ಮಿಕ ಅಕ್ಕನ ಕಾಲಿಗೆ ಹೋಗಿ ಬೀಳುತ್ತದೆ, ಅಷ್ಟೇ.

*ತತ್ತ್ವ ಮತ್ತು ನಿಯಮ*

ಕೊನೆಗೆ ಒಬ್ಬ ಹಿರಿಯರು ಯಾರೂ ಕೇಳಲು ಇಷ್ಟಪಡದ ಪ್ರಶ್ನೆ ಕೇಳಿದರು. "ಇಂಜೆಕ್ಷನ್ ಕೊಡಿಸಿ ಮಲಗಿಸಿಬಿಟ್ಟರೆ? ಪಂಚಶೀಲದ ಮೊದಲ ಶೀಲ ಮುರಿದಂತಾಗುತ್ತದೆಯೇ?"

'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಅಹಿಂಸೆಯ ಬಗ್ಗೆ ಬರೆದ ಭಾಗವನ್ನು ಆ ದಿನ ಮತ್ತೆ ಓದಿದೆವು. ಬುದ್ಧರು ಅಹಿಂಸೆಯನ್ನು ಕುರುಡು ನಿಯಮವಾಗಿ ಕೊಡಲಿಲ್ಲ, ತತ್ತ್ವವಾಗಿ ಕೊಟ್ಟರು ಎಂಬುದು ಅವರ ವಿವರಣೆ. ನಿಯಮ ಯೋಚನೆಗೆ ಅವಕಾಶ ಕೊಡುವುದಿಲ್ಲ, ತತ್ತ್ವ ಕೊಡುತ್ತದೆ. ಕೊಲ್ಲಬೇಕೆಂಬ ಇಚ್ಛೆ ಬೇರೆ, ಕೊಲ್ಲಲೇಬೇಕಾದ ಅಗತ್ಯ ಬೇರೆ ಎಂದು ಅವರು ಬಿಡಿಸಿ ತೋರಿಸುತ್ತಾರೆ.

ತತ್ತ್ವ ಎಂದ ಕೂಡಲೇ ಸಡಿಲ ಎಂದು ತಿಳಿಯಬೇಡಿ. ನಿಯಮಕ್ಕಿಂತ ತತ್ತ್ವ ಕಷ್ಟ. ನಿಯಮವಿದ್ದರೆ 'ಕೊಲ್ಲಬಾರದು, ಮುಗಿಯಿತು' ಎಂದು ಕೈತೊಳೆದುಕೊಂಡು ತುರಹಳ್ಳಿಯಲ್ಲಿ ಬಿಟ್ಟು ಬರಬಹುದು. ತತ್ತ್ವವಿದ್ದರೆ ಪ್ರತಿ ಹೆಜ್ಜೆಗೂ ಉತ್ತರ ಕೊಡಬೇಕು. ನಿಜವಾಗಿ ಅಗತ್ಯವೇ? ನೋವಿಗೆ ಔಷಧಿ ಕೊಟ್ಟೆವೇ? ಬಾಯಿಗೆ ಕುಕ್ಕೆ ಹಾಕಿದೆವೇ? ಕಲಿಸಿದೆವೇ? ಬೇರೆ ನಾಯಿಗಳಿಲ್ಲದ ಮನೆ ಹುಡುಕಿದೆವೇ? ಇಷ್ಟರಲ್ಲಿ ಒಂದನ್ನೂ ಮಾಡದೆ, ಬಾಡಿಗೆ ಮನೆಗೆ ತೊಂದರೆ ಎಂದು ಆರೋಗ್ಯವಾಗಿರುವ ಎರಡೂವರೆ ವರ್ಷದ ನಾಯಿಯನ್ನು ಕೊಲ್ಲಿಸಿದರೆ ಅದು ಅಗತ್ಯವಲ್ಲ, ಅನುಕೂಲ. ವಾಸಿಯಾಗದ ರೋಗದಲ್ಲಿ ನರಳುವ ಪ್ರಾಣಿಗೆ, ಅಥವಾ ಎಲ್ಲ ದಾರಿ ಮುಗಿದು ಜೀವಗಳಿಗೇ ಅಪಾಯವಾದಾಗ, ವೈದ್ಯರ ಮಾತು ಕೇಳಿ ಭಾರವಾದ ಮನಸ್ಸಿನಿಂದ ತೆಗೆದುಕೊಳ್ಳುವ ನಿರ್ಧಾರ ಬೇರೆ. ಹಾಗೆ ನಿರ್ಧರಿಸಬೇಕಾಗಿ ಬಂದವರನ್ನು ನಮ್ಮ ಕೂಟ ದೂರುವುದಿಲ್ಲ. ಮಿಂಚು ಆ ಹಂತಕ್ಕೆ ಬಂದಿಲ್ಲ.

*ಅಂಗುಲಿಮಾಲನಿಂದ ಕಲಿಯಬೇಕಾದ ಎರಡು ಪಾಠ*

ಅಂಗುಲಿಮಾಲನ ಕಥೆಯ ಮೊದಲ ಅರ್ಧ ಎಲ್ಲರಿಗೂ ಗೊತ್ತು. ಎಂಥ ಹಿಂಸೆ ಮಾಡಿದವನೂ ಬದಲಾಗಬಲ್ಲ ಎಂದು ಬುದ್ಧರು ನಂಬಿದರು, ಸಂಘಕ್ಕೆ ಸೇರಿಸಿಕೊಂಡರು.

ಎರಡನೇ ಅರ್ಧವನ್ನು ನಾವು ಹೇಳುವುದಿಲ್ಲ. ವಿನಯ ಪಿಟಕದಲ್ಲಿ ಇದೆ. ಅಂಗುಲಿಮಾಲ ಭಿಕ್ಷು ಆದ ಮೇಲೆ ಅವನನ್ನು ಕಂಡ ಜನ ಹೆದರಿ ಬೇರೆ ದಾರಿ ಹಿಡಿದರು, ಬಾಗಿಲು ಹಾಕಿಕೊಂಡರು, ಸಂಘವನ್ನು ಟೀಕಿಸಿದರು. ಬುದ್ಧರು 'ನಿಮಗೆ ಕರುಣೆ ಇಲ್ಲ' ಎಂದು ಜನರನ್ನು ಬೈಯಲಿಲ್ಲ. ಅವರ ಭಯವನ್ನು ಕೇಳಿಸಿಕೊಂಡರು. ಇನ್ನು ಮುಂದೆ ಹೆಸರಾದ ದರೋಡೆಕೋರರಿಗೆ ಪ್ರವ್ರಜ್ಯೆ ಕೊಡಬಾರದು ಎಂದು ನಿಯಮ ಮಾಡಿದರು. ಅಂಗುಲಿಮಾಲನನ್ನು ಹೊರಗೂ ಹಾಕಲಿಲ್ಲ.

ಒಂದು ಜೀವದ ಮೇಲೆ ನಂಬಿಕೆ, ಜೊತೆಗೆ ಊರಿನವರ ಭಯಕ್ಕೆ ಗೌರವ. ಎರಡೂ ಒಟ್ಟಿಗೆ ಇರಬೇಕು. ಬಾಬಾಸಾಹೇಬರು ಕರುಣೆಯೊಂದೇ ಸಾಲದು, ಮೈತ್ರಿ ಬೇಕು ಎಂದದ್ದು ಇದಕ್ಕೇ. ಕರುಣೆ ಮನುಷ್ಯರವರೆಗೆ ಬಂದು ನಿಲ್ಲಬಹುದು. ಮೈತ್ರಿ ಎಲ್ಲ ಜೀವಗಳಿಗೂ, ನಮಗೆ ಆಗದವರಿಗೂ ಹಬ್ಬುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಜೀವಿಗಳ ಮೇಲಿನ ದಯೆಯೂ ಒಂದು. ಸಂವಿಧಾನದ 51ಎ(ಜಿ) ವಿಧಿಯಲ್ಲೂ ಜೀವಿಗಳ ಮೇಲೆ ಅನುಕಂಪ ಪ್ರಜೆಯ ಮೂಲಭೂತ ಕರ್ತವ್ಯ. ಮಿಂಚುವಿನ ಮೇಲೆ ಮೈತ್ರಿ ಇಟ್ಟು ಎದುರು ಮನೆಯ ಮುದಿ ನಾಯಿಯನ್ನು ಮರೆತರೆ ಅದು ಮೈತ್ರಿಯಲ್ಲ, ಮೋಹ.

*ದಾರಿ*

ಅಂಗುತ್ತರ ನಿಕಾಯದಲ್ಲಿ ಕೇಸಿ ಎಂಬ ಕುದುರೆ ಪಳಗಿಸುವವನು ಬರುತ್ತಾನೆ. ಬುದ್ಧರು ಅವನ ಕಸುಬನ್ನೇ ಕೇಳುತ್ತಾರೆ, ಕುದುರೆಯನ್ನು ಹೇಗೆ ಪಳಗಿಸುತ್ತೀಯೆ ಎಂದು. ಪಳಗದ ಕುದುರೆಯನ್ನು ಕೊಲ್ಲುತ್ತೇನೆ ಎನ್ನುತ್ತಾನೆ ಅವನು. ನಿಮ್ಮ ಮಾತಿಗೆ ಪಳಗದ ಮನುಷ್ಯನನ್ನು ನೀವು ಏನು ಮಾಡುತ್ತೀರಿ ಎಂದಾಗ, ಬುದ್ಧರ ಲೆಕ್ಕದಲ್ಲಿ 'ಕೊಲ್ಲುವುದು' ಎಂದರೆ ಇನ್ನು ಅವನಿಗೆ ಹೇಳುವುದನ್ನು, ಕಲಿಸುವುದನ್ನು ಬಿಟ್ಟುಬಿಡುವುದು. ಅಂದರೆ ಕಲಿಸುವುದನ್ನು ಕೈಬಿಟ್ಟ ದಿನವೇ ಆ ಜೀವವನ್ನು ನಾವು ಕೈಬಿಟ್ಟಂತೆ.

ಹಾಗಾಗಿ ಕೂಟ ಸೇರಿ ಮೂರು ತಿಂಗಳ ದಾರಿ ಹಾಕಿತು.

👉 ಸಮ್ಯಕ್ ದೃಷ್ಟಿ: ಮಿಂಚು ಎಲ್ಲ ನಾಯಿಗಳ ಗೆಳೆಯನಾಗಬೇಕು ಎಂಬ ಆಸೆ ಬಿಡುವುದು. ಇನ್ನೊಂದು ಕಡಿತ ಆಗಬಾರದು, ಅಷ್ಟೇ ಗುರಿ.

👉 ಸಮ್ಯಕ್ ಕರ್ಮ: ಹೊರಗೆ ಹೋಗುವಾಗ ಬಾಯಿಗೆ ಕುಕ್ಕೆ. ಕಣ ತುಳಿಯುವಾಗ ಎತ್ತಿಗೆ ಹಾಕುತ್ತಿದ್ದೆವಲ್ಲ, ಆ ಥರದ್ದು. ಅಂಗಡಿಯಲ್ಲಿ ಬಾಸ್ಕೆಟ್ ಮಝಲ್ ಎಂದು ಕೇಳಿ. ಬಾಯಿ ತೆರೆದು ಏದುಸಿರು ಬಿಡಲು, ನೀರು ಕುಡಿಯಲು ಆಗಬೇಕು. ಬಿಗಿಯಾದ ಬಟ್ಟೆಯದ್ದು ನಡಿಗೆಗೆ ಬೇಡ. ಕತ್ತಿನ ಬೆಲ್ಟಿನ ಬದಲು ಜಾರದ ಎದೆ ಬೆಲ್ಟು. ಗೇಟಿನ ಸಂದಿಗೆ ಶೀಟು. ಕೀಲಿನ ನೋವಿಗೆ ಔಷಧಿ.

👉 ಸಮ್ಯಕ್ ವ್ಯಾಯಾಮ: ದಿನಾ ಹತ್ತು ನಿಮಿಷ ಪಾಠ. ಬೇರೆ ನಾಯಿ ದೂರದಲ್ಲಿ ಕಾಣಬೇಕು, ಆದರೆ ಮಿಂಚು ಇನ್ನೂ ಸೆಟೆದಿರಬಾರದು, ಅಷ್ಟು ಅಂತರ. ಆ ನಾಯಿ ಕಂಡ ಕೂಡಲೇ ಮಿಂಚುವಿನ ಬಾಯಿಗೆ ಬೇಯಿಸಿದ ಕೋಳಿ ಚೂರು. ನಾಯಿ ಮರೆಯಾದರೆ ಚೂರೂ ನಿಲ್ಲುತ್ತದೆ. 'ನಾಯಿ ಬಂದರೆ ಅಪಾಯ' ಎಂಬ ಹಳೆಯ ಸಂಸ್ಕಾರದ ಜಾಗದಲ್ಲಿ 'ನಾಯಿ ಬಂದರೆ ಒಳ್ಳೆಯದು' ಎಂಬುದು ನಿಧಾನಕ್ಕೆ ಕೂರಬೇಕು. ಹೊಡೆಯಬಾರದು, ಕಿರುಚಬಾರದು. ಹೊಡೆದರೆ 'ಬೇರೆ ನಾಯಿ ಕಂಡಾಗ ನನಗೆ ಏಟು ಬೀಳುತ್ತದೆ' ಎಂದೇ ಅದು ಕಲಿಯುತ್ತದೆ.

👉 ಸಮ್ಯಕ್ ಸ್ಮೃತಿ: ಬೊಗಳುವ ಮೊದಲು ಮೈ ಮಾತಾಡುತ್ತದೆ. ನೆಟ್ಟ ನೋಟ, ಮುಚ್ಚಿದ ಬಾಯಿ, ಬಿಗಿದ ಬಾಲ. ಅದನ್ನು ಕಂಡ ತಕ್ಷಣ ತಿರುಗಿ ಬೇರೆ ದಾರಿ. ಜೊತೆಗೆ ನಮ್ಮ ಕೈಯನ್ನೂ ಗಮನಿಸಬೇಕು. ನಮಗೆ ಭಯವಾದಾಗ ಚೈನು ಬಿಗಿ ಹಿಡಿಯುತ್ತೇವೆ, ಆ ಭಯ ಚೈನಿನಲ್ಲಿ ಇಳಿದು ನಾಯಿಗೆ ಮುಟ್ಟುತ್ತದೆ.

👉 ಸಮ್ಯಕ್ ವಾಣಿ: ಮೂರು ತಿಂಗಳಲ್ಲೂ ಆಗದಿದ್ದರೆ ಬೇರೆ ನಾಯಿಗಳಿಲ್ಲದ, ಕಾಂಪೌಂಡ್ ಇರುವ ಮನೆ ಹುಡುಕುವುದು. ಆದರೆ ಕಚ್ಚಿದ ವಿಷಯ ಪೂರ್ತಿ ಹೇಳಿಯೇ ಕೊಡುವುದು. ಒಂದು ಮಾತು ಮುಚ್ಚಿಟ್ಟರೂ ಮುಂದಿನ ಗಾಯ ನಮ್ಮ ಲೆಕ್ಕಕ್ಕೆ.

*ಆಮೇಲೆ ನಡೆದದ್ದು*

ಆ ಸಂಜೆಯೇ ಸಹೋದರಿ, ಅವರ ಮನೆಯವರು, ಜೊತೆಗೆ ನಾವು ಇಬ್ಬರು ಎದುರು ಮನೆಗೆ ಹೋದೆವು. ಹೊಲಿಗೆಯ ಖರ್ಚು ಕವರಿನಲ್ಲಿತ್ತು. ಸಹೋದರಿ ನಿಂತೇ ಹೇಳಿದರು: "ನಮ್ಮ ನಾಯಿ ಕಚ್ಚಿದ್ದಕ್ಕೆ ಕ್ಷಮೆ ಕೇಳ್ತೀನಿ ಸರ್. ಖರ್ಚು ನಮ್ಮದು. ಇನ್ನು ಬಾಯಿಗೆ ಕುಕ್ಕೆ ಇಲ್ಲದೆ ಹೊರಗೆ ತರಲ್ಲ. ಆದರೆ ಆವತ್ತು ನೀವು ಆಡಿದ ಮಾತು ನಾಯಿಗೆ ಸಂಬಂಧಪಟ್ಟಿದ್ದಲ್ಲ. ಅದಕ್ಕೆ ನೀವೇ ಉತ್ತರ ಹೇಳಬೇಕು."

ಧ್ವನಿ ಏರಲಿಲ್ಲ. ತಲೆಯೂ ತಗ್ಗಲಿಲ್ಲ.

ಅವರು ಕವರ್ ತೆಗೆದುಕೊಂಡರು. ಮಾತಿಗೆ ಉತ್ತರ ಕೊಡಲಿಲ್ಲ. ಅವರ ಹೆಂಡತಿ ಒಳಗಿನಿಂದ ಮುದಿ ನಾಯಿಯನ್ನು ಎತ್ತಿಕೊಂಡು ಬಂದು ಕಿವಿ ತೋರಿಸಿದರು, "ಈಗ ಊಟ ಮಾಡ್ತಿದೆಯಮ್ಮ" ಎಂದರು. ಸಹೋದರಿಯ ಮಗಳು ಅದರ ತಲೆ ಸವರಿದಳು. ಮನೆ ಮಾಲೀಕರು ಮೂರು ತಿಂಗಳ ಸಮಯ ಕೊಟ್ಟಿದ್ದಾರೆ, ಒಂದು ದಿನ ಹೆಚ್ಚಿಲ್ಲ.

ಇವತ್ತಿಗೆ ಐದು ವಾರ. ನಲವತ್ತು ಹೆಜ್ಜೆ ದೂರದಲ್ಲಿ ನಾಯಿ ಕಂಡರೂ ನುಗ್ಗುತ್ತಿದ್ದ ಮಿಂಚು ಈಗ ಹದಿನೈದು ಹೆಜ್ಜೆಯವರೆಗೆ ಬಂದಿದೆ. ಮೊನ್ನೆ ಮಂಗಳವಾರ ಮತ್ತೆ ಒಂದು ಸಲ ಹಾರಿತು. ಬಾಯಲ್ಲಿ ಕುಕ್ಕೆ ಇತ್ತು, ಯಾರಿಗೂ ಏನೂ ಆಗಲಿಲ್ಲ. ಕೊನೆಗೆ ಈ ಮನೆಯಲ್ಲೇ ಉಳಿಯುತ್ತದೋ, ಬೇರೆ ಮನೆಗೆ ಹೋಗುತ್ತದೋ ಗೊತ್ತಿಲ್ಲ. ಬೀದಿಗಂತೂ ಹೋಗುವುದಿಲ್ಲ. ಅವತ್ತು ಆಕ್ಷೇಪ ಎತ್ತಿದ್ದ ಯುವಕನೇ ಈಗ ವಾರಕ್ಕೆ ಎರಡು ದಿನ ಬೆಳಿಗ್ಗೆ ಮಿಂಚುವನ್ನು ನಡೆಸಿಕೊಂಡು ಹೋಗುತ್ತಾನೆ. ಪೌರಕಾರ್ಮಿಕರು ಬೀದಿಗೆ ಬರುವ ಹೊತ್ತನ್ನು ಬಿಟ್ಟು ಹೋಗುತ್ತಾನೆ.

*ಇಂದಿನ ಸಂಕಲ್ಪ*

ಇವತ್ತು ನಮ್ಮ ಮೇಲೆ ಯಾರಾದರೂ ಸಿಟ್ಟಿನಲ್ಲಿ ಎರಡು ಮಾತು ಆಡಬಹುದು. ಒಂದರಲ್ಲಿ ಅವಮಾನ, ಇನ್ನೊಂದರಲ್ಲಿ ನಿಜ. ಎರಡನ್ನೂ ಬೇರ್ಪಡಿಸಿ ನೋಡೋಣ. ನಿಜಕ್ಕೆ ಹೊಣೆ ಹೊರೋಣ. ಅವಮಾನಕ್ಕೆ ತಲೆ ತಗ್ಗಿಸದಿರೋಣ. ನಮ್ಮ ಕೈಯಲ್ಲಿರುವ ಚೈನು ಯಾವುದೇ ಇರಲಿ, ನಾಯಿಯದ್ದೋ, ಮಕ್ಕಳದ್ದೋ, ನಮ್ಮ ಸಿಟ್ಟಿನದ್ದೋ, ಅದನ್ನು ಬಿಗಿಯದೆ, ಬಿಡದೆ ಹಿಡಿಯೋಣ.

ಐದು ನಿಮಿಷ ಕಣ್ಣು ಮುಚ್ಚಿ ಮೈತ್ರಿ ಭಾವನೆ ಮಾಡಿ. ಮೊದಲು ನಿಮಗೆ, ಆಮೇಲೆ ಮನೆಯವರಿಗೆ, ಆಮೇಲೆ ಎದುರು ಮನೆಯವರಿಗೆ, ಕೊನೆಗೆ ಬೀದಿಯ ಪ್ರತಿ ಜೀವಕ್ಕೆ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಇಂಥದ್ದೇ ಪ್ರಶ್ನೆ ಇದ್ದರೆ ಭಾನುವಾರ ತನ್ನಿ, ಕೂತು ಮಾತಾಡೋಣ. ಓದಿ ಇಷ್ಟವಾದರೆ ನಾಯಿ ಸಾಕುವವರಿಗೂ, ನಾಯಿಗೆ ಹೆದರುವವರಿಗೂ ಕಳಿಸಿ.

ಭವತು ಸಬ್ಬ ಮಂಗಲಂ 🙏
ಸಾಧು! ಸಾಧು! ಸಾಧು!
ಜೈ ಭೀಮ್ 💙 ನಮೋ ಬುದ್ಧಾಯ
ನಮ್ಮ ಅಧ್ಯಯನ ಕೂಟ, ಉತ್ತರಹಳ್ಳಿ